ಅಂಟಿಸಿದ ಆಂಟೆನಾ, ಸುಟ್ಟ ಸೆಟ್ಟು

ಗಾಡಿಯವರೆಲ್ಲ ಮೊಳೆ ಎಂದು ಕರೆಯುವ ನಾನು, ವಯಸ್ಸು 21 ವರ್ಷ, ಓದು ಎಂಟನೇ ತರಗತಿಗೆ ನಿಲ್ಲಿಸಿದ್ದು, ಕಸುಬು ಪಿಕಪ್ ಗಾಡಿಗಳಿಗೆ ವಾಕಿಟಾಕಿ ಸೆಟ್ಟು ಮತ್ತು ಆಂಟೆನಾ ಕೂರಿಸುವುದು, ಕೆಟ್ಟರೆ ರಿಪೇರಿ ಮಾಡುವುದು, ವಾಸ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬ್ಯಾಟರಿ ಅಂಗಡಿಯ ಮೇಲಿನ ಮನೆ, ಅಕ್ಕ ಮತ್ತು ಭಾವನ ಜೊತೆ. ಯಾರೂ ಕರೆಸದೆ ನಾನೇ ಠಾಣೆಗೆ ಬಂದು ಬರೆಸುವುದೇನೆಂದರೆ,

ಈ ತಿಂಗಳ 11ನೇ ತಾರೀಖು ಶುಕ್ರವಾರ ಕಲ್ಲುಕ್ವಾರಿಯಲ್ಲಿ ಪಿಕಪ್ ಮಗುಚಿ ಒಬ್ಬ ಡ್ರೈವರ್ ಸತ್ತರು. ನಾವೆಲ್ಲ ಅವರನ್ನು ಉದ್ದಣ್ಣ ಎನ್ನುತ್ತಿದ್ದೆವು. ಗಾಡಿಯಲ್ಲಿ ಒಳ್ಳೆಯ ವಾಕಿಟಾಕಿ ರೇಡಿಯೊ ಇದ್ದರೂ ಅವರು ಯಾರನ್ನೂ ಸಹಾಯಕ್ಕೆ ಕರೆಯಲಿಲ್ಲ, ಕುಡಿದು ಬಿದ್ದಿದ್ದಿರಬೇಕು ಎಂದು ಕ್ವಾರಿಯವರು ನಿಮಗೆ ಬರೆದುಕೊಟ್ಟಿದ್ದಾರಂತೆ. ಕುಡಿದಿದ್ದರೋ ಇಲ್ಲವೋ ಡಾಕ್ಟರು ಹೇಳಲಿ. ಕರೆಯಲಿಲ್ಲ ಅನ್ನುವುದು ಸುಳ್ಳು. ಅವರು ಕರೆದರು. ಅದು ಯಾರಿಗೂ ಕೇಳದ ಹಾಗೆ ಮಾಡಿದ್ದು ನಾವು.

ಕಳೆದ ತಿಂಗಳ 2ನೇ ತಾರೀಖು ಸೋಮವಾರ ಬೆಳಿಗ್ಗೆ 11 ಗಂಟೆಗೆ ನಾನು ಮತ್ತು ಭಾವ ಕ್ವಾರಿಗೆ ಹೋದೆವು. ಅಂಗಡಿ ಭಾವನದು. ಅಲ್ಲಿಂದ ಕ್ವಾರಿಗೆ 14 ಕಿಲೋಮೀಟರ್. ಮೂರು ಹೊಸ ಪಿಕಪ್ ಬಂದಿದ್ದವು. ಕ್ವಾರಿಯ ಕೆಳಗೆ ಮೊಬೈಲು ಸಿಗುವುದಿಲ್ಲ, ಆದ್ದರಿಂದ ಪ್ರತಿ ಗಾಡಿಯಲ್ಲೂ ರೇಡಿಯೊ ಇರಲೇಬೇಕು ಎಂದು ಕಾನೂನು. ಮಾರನೇ ದಿನ 10 ಗಂಟೆಗೆ ತಪಾಸಣೆಯವರು ಬರುವವರಿದ್ದರು. ಸರಿಯಾದ ಕೆಲಸ ಎಂದರೆ ಗಾಡಿಯ ತಲೆಯ, ಅಂದರೆ ಡ್ರೈವರ್ ಕೂರುವ ಕ್ಯಾಬಿನ್ನಿನ ಚಾವಣಿಯ, ನಡುಮಧ್ಯೆ 19 ಮಿಲಿಮೀಟರಿನ ತೂತು ಹೊಡೆದು, ಆಂಟೆನಾ ನಿಲ್ಲಿಸಿ, ಅದರ ಕೇಬಲ್ಲನ್ನು ಒಳಗಿನಿಂದ ಇಳಿಸಿ ಸೆಟ್ಟಿನ ಹಿಂಭಾಗಕ್ಕೆ ಸಿಕ್ಕಿಸಬೇಕು. ಒಂದು ಗಾಡಿಗೆ ಒಂದು ಗಂಟೆ ನಲವತ್ತು ನಿಮಿಷ ಬೇಕು.

ಅಲ್ಲಿನ ಮ್ಯಾನೇಜರನ್ನು ಡ್ರೈವರುಗಳು ಬೆನ್ನ ಹಿಂದೆ ಇಸ್ತ್ರಿ ಅನ್ನುತ್ತಾರೆ. ಅಷ್ಟು ಕಲ್ಲುಪುಡಿಯಲ್ಲೂ ಆತನ ಅಂಗಿಯ ಗೆರೆ ಮುರಿಯುವುದಿಲ್ಲ. ನಾನು ಡ್ರಿಲ್ಲು ತೆಗೆದ ಕೂಡಲೇ ಬಂದು ಗಾಡಿಯ ತಲೆ ಸವರುತ್ತಾ, ತೂತು ಗೀತು ಏನೂ ಬೇಡಪ್ಪ, ಎರಡು ವರ್ಷಕ್ಕೆ ಮಾರೋ ಗಾಡಿ ಇದು, ನೀವು ತೂತು ಹೊಡೆದು ಹೋಗ್ತೀರಿ, ಮೇಲಿನವರ ಹತ್ರ ಉಗಿಸಿಕೊಳ್ಳೋನು ನಾನು ಎಂದರು. ಹಾಗಾದರೆ ತೂತಿಲ್ಲದೆ ಬಾನೆಟ್ಟಿನ ಅಂಚಿಗೆ ಬಿಗಿಯುವ ಕ್ಲಾಂಪು ತರಿಸುತ್ತೇನೆ, ಶುಕ್ರವಾರ ಬರುತ್ತದೆ ಎಂದು ಭಾವ ಹೇಳಿದರು. ಅದಕ್ಕೆ ಮ್ಯಾನೇಜರು, ಶುಕ್ರವಾರ ಬರ್ಲಿ, ಹಾಕೋಣ, ನಾಳೆಗೆ ಕಂಡರೆ ಸಾಕಲ್ವಾ, ಮೇಲೊಂದು ಕಡ್ಡಿ ನಿಂತಿರಬೇಕು, ಕೆಳಗೊಂದು ಡಬ್ಬಿ ಕೂತಿರಬೇಕು, ಅಷ್ಟೇ ತಾನೇ ಎಂದರು.

ಭಾವ ನನ್ನ ಕಡೆ ನೋಡಿದರು. ಇದೇನು ಭಾವ, ಗೊಂಬೆಗೆ ಮೀಸೆ ಅಂಟಿಸೋ ಕೆಲಸನಾ ಎಂದು ಕೇಳಿದೆ. ಬಾಯಿ ಮುಚ್ಚಿಕೊಂಡು ಟೇಪು ತಗೋ, ನಾಲ್ಕು ದಿನದ ಮಾತು ಎಂದರು. ನಾನು ಟೇಪು ತೆಗೆದುಕೊಂಡೆ. ಎರಡು ಬದಿ ಅಂಟುವ ಟೇಪಿನಿಂದ ಮೂರೂ ಗಾಡಿಯ ತಲೆಗೆ ಆಂಟೆನಾ ಅಂಟಿಸಿದೆ. ಟೇಪಿನ ಮೇಲೆ ನಿಂತ ಆಂಟೆನಾ ಹೇಗೂ ಕೆಲಸ ಮಾಡುವುದಿಲ್ಲವೆಂದು ಕೇಬಲ್ಲನ್ನು ಒಂದು ಗೇಣಿಗೆ ಕತ್ತರಿಸಿ ತುದಿಯನ್ನು ಬಾಗಿಲಿನ ಮೇಲಿನ ರಬ್ಬರಿನೊಳಗೆ ತುರುಕಿದೆ. ಸೆಟ್ಟನ್ನು ಸ್ಟೇರಿಂಗಿನ ಪಕ್ಕ ಬಿಗಿದೆ. ಬ್ಯಾಟರಿಯಿಂದ ನೇರ ಫ್ಯೂಸು ಹಾಕಿ ಕರೆಂಟು ಕೊಟ್ಟೆ. ಅದೊಂದು ಕೆಲಸ ಮಾತ್ರ ಗಟ್ಟಿಯಾಗಿ ಮಾಡಿದ್ದೆ. ಸೆಟ್ಟಿನ ಹಿಂದೆ ಕೇಬಲ್ ಸಿಕ್ಕಿಸುವ ಜಾಗ ಖಾಲಿ ಇತ್ತು. ಪ್ರತಿ ಗಾಡಿಗೂ ಒಂದು ಕಾರ್ಡು ಇರುತ್ತದೆ. ಅದರಲ್ಲಿ 'ಪರೀಕ್ಷಿಸಲಾಗಿದೆ, ಸರಿಯಾಗಿದೆ' ಎಂದು ಅಚ್ಚಾಗಿದೆ. ಭಾವ, ನನ್ನ ಕೈಗೆ ಅಂಟಾಗಿದೆ, ಸಹಿ ನೀನೇ ಹಾಕು ಎಂದರು. ಮೂರಕ್ಕೂ ನಾನು ಸಹಿ ಹಾಕಿದೆ.

3ನೇ ತಾರೀಖು ತಪಾಸಣೆಯವರು ಬಂದಾಗ ನಾನು ಅಲ್ಲೇ ಇದ್ದೆ. ಗಾಡಿಗಳನ್ನು ಆಫೀಸಿನಿಂದ 35 ಮೀಟರ್ ದೂರದಲ್ಲಿ ನಿಲ್ಲಿಸಿದ್ದರು. ಅಷ್ಟು ಹತ್ತಿರದಲ್ಲಿ ಆಂಟೆನಾ ಇಲ್ಲದಿದ್ದರೂ ಮಾತು ಸೋರಿಕೊಂಡು ಹೋಗಿ ಕೇಳಿಸುತ್ತದೆ. ತಪಾಸಣೆಯವರು ಬಟನ್ ಒತ್ತಿ ಹಲೋ ಎಂದರು. ಆಫೀಸಿನಿಂದ ಹಲೋ ಬಂತು. ಟಿಕ್ಕು ಹಾಕಿದರು. ಹಿಂದಿನಿಂದ ಮ್ಯಾನೇಜರು ನನಗೆ ಕಣ್ಣು ಹೊಡೆದರು. ನಾನೂ ಹಲ್ಲು ಕಿರಿದೆ. ಅದನ್ನೂ ಬರೆದುಕೊಳ್ಳಿ.

6ನೇ ತಾರೀಖು ಶುಕ್ರವಾರ ಕ್ಲಾಂಪುಗಳು ಬಂದವು. ಭಾವ ಮ್ಯಾನೇಜರಿಗೆ ಫೋನ್ ಮಾಡಿದರು. ಗಾಡಿ ಬಿಡುವಿಲ್ಲ, ಹೇಳ್ತೀನಿ ಎಂದರಂತೆ. ಮುಂದಿನ ಸೋಮವಾರವೂ ಅದೇ ಮಾತು. ಆಮೇಲೆ ಭಾವ ಕೇಳುವುದನ್ನು ಬಿಟ್ಟರು. ನಾನೂ ಕೇಳಲಿಲ್ಲ. ಉದ್ದಣ್ಣ ಸತ್ತ ದಿನದವರೆಗೆ ಕ್ಲಾಂಪಿನ ಡಬ್ಬ ಅಂಗಡಿಯ ಕಪಾಟಿನಲ್ಲಿ 35 ದಿನ ಇತ್ತು. ಅದರ ಮೇಲೆ ನಾನು ದಿನಾ ಟೀ ಲೋಟ ಇಡುತ್ತಿದ್ದೆ.

28ನೇ ತಾರೀಖು ಶನಿವಾರ ಬೆಳಿಗ್ಗೆ 9 ಗಂಟೆ 20 ನಿಮಿಷಕ್ಕೆ ಉದ್ದಣ್ಣ ನನಗೆ ಫೋನ್ ಮಾಡಿದರು. ಏನೋ ಮೊಳೆ, ನಿನ್ನ ಈ ಡಬ್ಬಿ ಆಫೀಸ್ ಮುಂದೆ ಗಿಳಿ ಥರ ಮಾತಾಡುತ್ತೆ, ಕೆಳಗಿಳಿದರೆ ಮುನಿಸಿಕೊಂಡ ಹೆಂಡತಿ ಥರ ಮೂಲೇಲಿ ಕೂತಿರುತ್ತಲ್ಲೋ ಎಂದರು. ಯಾಕೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ವಾಲ್ಯೂಮ್ ಜಾಸ್ತಿ ಮಾಡಿ ಎಂದೆ. ಮಾಡಿದರು. ಪಕ್ಕದ ಸಣ್ಣ ತಿರುಪು ಎಡಕ್ಕೆ ತಿರುಗಿಸಿ ಎಂದೆ. ತಿರುಗಿಸಿದರು. ಆಫ್ ಮಾಡಿ ಹತ್ತು ಎಣಿಸಿ ಆನ್ ಮಾಡಿ ಎಂದೆ. ಅವರು ನನಗೆ ಕೇಳುವ ಹಾಗೆ ಒಂದರಿಂದ ಹತ್ತರವರೆಗೆ ಎಣಿಸಿದರು. ಆಯ್ತಪ್ಪ, ಇನ್ನೇನು, ಮೂರು ಸುತ್ತು ಹಾಕಿ ಕೈ ಮುಗೀಲಾ ಎಂದು ನಕ್ಕರು. ಸೋಮವಾರ ಬಂದು ನೋಡುತ್ತೇನೆ ಎಂದೆ. ನಾಲ್ಕು ನಿಮಿಷದ ಫೋನು. ಭಾವನಿಗೆ ಹೇಳಿದಾಗ, ಅವರಾಗಿ ಕರೆಯೋವರೆಗೂ ಹೋಗಬೇಡ, ಮ್ಯಾನೇಜರ್ ಮರ್ಯಾದೆ ತೆಗೆದ ಹಾಗಾಗುತ್ತೆ ಎಂದರು. ಸೋಮವಾರ ನಾನು ಹೋಗಲಿಲ್ಲ. ಮಂಗಳವಾರವೂ ಹೋಗಲಿಲ್ಲ.

11ನೇ ತಾರೀಖಿನದು ನಾನು ನೋಡಿದ್ದಲ್ಲ, ಅಲ್ಲಿನವರು ಹೇಳಿದ್ದು. ಮಧ್ಯಾಹ್ನ 1 ಗಂಟೆ 40 ನಿಮಿಷಕ್ಕೆ ಉದ್ದಣ್ಣ ಗೇಟು ದಾಟಿ ಕೆಳಗಿಳಿದರು. ಆಫೀಸಿನಿಂದ 3.4 ಕಿಲೋಮೀಟರ್ ದೂರದ ತಿರುವಿನಲ್ಲಿ ಗಾಡಿ ಬಲಕ್ಕೆ ಮಗುಚಿತು. ಅವರ ಕಾಲು ಸ್ಟೇರಿಂಗಿನ ಕೆಳಗೆ ಸಿಕ್ಕಿಕೊಂಡಿತ್ತು. ಸಂಜೆ 5 ಗಂಟೆ 50 ನಿಮಿಷಕ್ಕೆ ಒಂದು ಟಿಪ್ಪರಿನವನು ನೋಡಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಇರಲಿಲ್ಲ. ರಕ್ತ ನಿಧಾನವಾಗಿ ಹೋಗಿದೆ, ಎರಡು ಗಂಟೆಯೊಳಗೆ ತಂದಿದ್ದರೆ ಬದುಕುತ್ತಿದ್ದರು ಎಂದು ಡಾಕ್ಟರು ಹೇಳಿದರಂತೆ.

12ನೇ ತಾರೀಖು ಶನಿವಾರ ಬೆಳಿಗ್ಗೆ 6 ಗಂಟೆ 50 ನಿಮಿಷಕ್ಕೆ ಭಾವ ನನ್ನನ್ನು ಎಬ್ಬಿಸಿದರು. ಹೊಸ ಸೆಟ್ಟು ಒಂದು, ಕ್ಲಾಂಪು ಒಂದು ತಗೊಂಡು ಹೋಗು, 11 ಗಂಟೆಗೆ ವಿಚಾರಣೆಯವರು ಬರ್ತಾರಂತೆ ಎಂದರು. ನಾನು ಹೋದೆ. ಗಾಡಿಯನ್ನು ಎಳೆತಂದು ಶೆಡ್ಡಿನ ಹಿಂದೆ ನಿಲ್ಲಿಸಿದ್ದರು. ಒಳಗೆ ಫಿನಾಯಿಲು ಹಾಕಿ ತೊಳೆದು, ಕನ್ನಡಿಗೆ ಸೆಂಟಿನ ಬಿಲ್ಲೆ ನೇತುಹಾಕಿದ್ದರು. ಮಲ್ಲಿಗೆ ವಾಸನೆಯದು. ಸೀಟಿನ ಕೆಳಗೆ ಒಂದು ಚಪ್ಪಲಿ ಇತ್ತು, ಎಡಗಾಲಿನದು. ಮ್ಯಾನೇಜರು ಟೀ ಕುಡಿಯುತ್ತಾ ನಿಂತು, ಬೇಗ ಬೇಗ, ಮೊದಲಿನಿಂದ ಹೀಗೇ ಇತ್ತು ಅಂತ ಕಾಣಬೇಕು, ಹಳೇದನ್ನ ತಗೊಂಡು ಹೋಗಿ ಯಾವುದಾದರೂ ಬಾವಿಗೆ ಹಾಕು ಎಂದರು. ಬಿಸ್ಕತ್ತು ಬೇಕಾ ಎಂದೂ ಕೇಳಿದರು.

ನಾನು ಕ್ಲಾಂಪು ಬಿಗಿದೆ. ಕೇಬಲ್ ಎಳೆದೆ. ಹೊಸ ಸೆಟ್ಟು ಕೂರಿಸಿದೆ. ಆಂಟೆನಾದಿಂದ ಶಕ್ತಿ ಹೊರಗೆ ಹೋಗುತ್ತಿದೆಯೇ ಎಂದು ಮೀಟರು ಹಿಡಿದು ನೋಡಿದೆ, ಮುಳ್ಳು ಎಲ್ಲಿರಬೇಕೋ ಅಲ್ಲೇ ನಿಂತಿತು. 50 ನಿಮಿಷ ಆಯಿತು. ಸತ್ತವರ ಗಾಡಿಯಲ್ಲಿ ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದೆನಲ್ಲ, ಆ ನನ್ನ ಕೈ ಕಂಡರೆ ನನಗೇ ಹೇಸಿಗೆ.

ಹಳೆಯ ಸೆಟ್ಟು ಬಿಚ್ಚುವಾಗ ಸುಟ್ಟ ವಾಸನೆ ಬಂತು. ಹಿಂದಿನ ಕಡೆ ಅಂಟಿಸಿದ್ದ ನಂಬರಿನ ಚೀಟಿ ಕಂದಾಗಿ ಸುರುಟಿಕೊಂಡಿತ್ತು. ಬಾವಿಗೆ ಹಾಕಲಿಲ್ಲ. ಚೀಲಕ್ಕೆ ಹಾಕಿಕೊಂಡು ಬಂದೆ.

14ನೇ ತಾರೀಖು ಸೋಮವಾರ ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಉದ್ದಣ್ಣನ ಹೆಂಡತಿ ಅಂಗಡಿಗೆ ಬಂದರು. ಅವರು ಬಟ್ಟೆ ಹೊಲಿಯುತ್ತಾರೆ. ಅವರನ್ನು ನೋಡಿ ಭಾವ ಹಿಂದಿನ ಬಾಗಿಲಿನಿಂದ ಹೊರಗೆ ಹೋದರು. ಆ ಹೆಂಗಸಿನ ಕೈಯಲ್ಲಿ ಗಾಡಿಯ ಕಾರ್ಡು ಇತ್ತು. ಕ್ವಾರಿಯವರೇ ಕೊಟ್ಟು, ನೋಡಮ್ಮ, ರೇಡಿಯೊ ಸರಿ ಇತ್ತು ಎಂದರಂತೆ. ಈ ಸಹಿ ನಿಮ್ಮದಾ ಎಂದು ಕೇಳಿದರು. ಹೌದು ಎಂದೆ. ನಮ್ಮವರಿಗೆ ಈ ರೇಡಿಯೊ ಬಟನ್ ಒತ್ತೋದು ಬರ್ತಿರಲಿಲ್ವಾ ಎಂದು ಕೇಳಿದರು. ಚೆನ್ನಾಗಿ ಬರುತ್ತಿತ್ತು ಎಂದೆ. ಅವತ್ತು ಬೆಳಿಗ್ಗೆ ನಲ್ಲಿ ಸೋರುತ್ತಿದ್ದ ವಿಷಯಕ್ಕೆ ಗಂಡ ಹೆಂಡತಿಗೆ ಜಗಳ ಆಗಿತ್ತಂತೆ. ಇಂಥ ಮನೆಗೆ ಬರೋದೇ ಬೇಡ ಅಂತ ಹೇಳಿ ಹೋದರು, ಅದಕ್ಕೇ ಯಾರನ್ನೂ ಕರೀದೆ ಸುಮ್ಮನೆ ಬಿದ್ದುಕೊಂಡರಾ ಎಂದು ಕೇಳಿದರು. ಅತ್ತೆಯೂ ಹಾಗೇ ಅನ್ನುತ್ತಿದ್ದಾರೆ, ನೆಂಟರೂ ಹಾಗೇ ಅನ್ನುತ್ತಿದ್ದಾರೆ ಎಂದರು. ಅಳಲಿಲ್ಲ. ಗೊತ್ತಿಲ್ಲ ಎಂದು ಹೇಳಿ ಕಳಿಸಿದೆ.

11 ಗಂಟೆ 30 ನಿಮಿಷಕ್ಕೆ ಸುಟ್ಟ ಸೆಟ್ಟನ್ನು ಬಿಚ್ಚಿದೆ. ಸೆಟ್ಟು ಎಂದರೆ ಬಟನ್ ಒತ್ತಿದಾಗ ಶಕ್ತಿ ಆಂಟೆನಾದಿಂದ ಹೊರಗೆ ಹೋಗಬೇಕು. ಹೋಗಲು ದಾರಿ ಇಲ್ಲದಿದ್ದರೆ ಅದು ವಾಪಸು ಬಂದು ಸೆಟ್ಟಿನೊಳಗೇ ಕಾವಾಗುತ್ತದೆ. ಸುಮ್ಮನೆ ಆನ್ ಆಗಿದ್ದರೆ ಸುಡುವುದಿಲ್ಲ. ಒಂದೆರಡು ಸಲ ಒತ್ತಿದರೂ ಸುಡುವುದಿಲ್ಲ. ಇದರಲ್ಲಿ ಶಕ್ತಿಯನ್ನು ಆಂಟೆನಾಗೆ ತಳ್ಳುವ ಕೊನೆಯ ಟ್ರಾನ್ಸಿಸ್ಟರು ಸೀದು ಹೋಗಿತ್ತು. ಎಷ್ಟು ಸಲ ಒತ್ತಿದರೆ ಹೀಗಾಗುತ್ತದೆ ಎಂದು ನನಗೆ ತಿಳಿಯಬೇಕಿತ್ತು.

12 ಗಂಟೆ 10 ನಿಮಿಷಕ್ಕೆ ಅದೇ ಮಾದರಿಯ ಒಳ್ಳೆಯ ಸೆಟ್ಟು ತೆಗೆದು, ಆಂಟೆನಾ ಇಲ್ಲದೆ, ಬ್ಯಾಟರಿಗೆ ಕೊಟ್ಟು ಮೇಜಿನ ಮೇಲಿಟ್ಟೆ. ಕರೆಯುವವನು ಕರೆದು ಉತ್ತರಕ್ಕೆ ಕಾಯುತ್ತಾನೆ. ಅದಕ್ಕೆ 20 ಸೆಕೆಂಡು ಒತ್ತುವುದು, 20 ಸೆಕೆಂಡು ಬಿಡುವುದು ಎಂದು ಇಟ್ಟುಕೊಂಡೆ. ಪ್ರತಿ ಸಲಕ್ಕೂ ರಟ್ಟಿನ ಮೇಲೆ ಒಂದು ಗೆರೆ. ಮೊದಲು ಸುಮ್ಮನೆ ಒತ್ತುತ್ತಿದ್ದೆ. ಮೂವತ್ತು ದಾಟಿದ ಮೇಲೆ ನನ್ನ ಬಾಯಿ ತಾನಾಗಿ ಮಾತಾಡತೊಡಗಿತು. ಯಾರಾದ್ರೂ ಇದೀರಾ ಎಂದೆ. ಕೆಳಗಿನ ತಿರುವಲ್ಲಿದ್ದೀನಿ ಎಂದೆ. ಅರವತ್ತಕ್ಕೆ ಸೆಟ್ಟು ಮುಟ್ಟಲು ಆಗದಷ್ಟು ಬಿಸಿ. 1 ಗಂಟೆ 18 ನಿಮಿಷಕ್ಕೆ ಅದೇ ವಾಸನೆ ಬಂತು. ಬಿಚ್ಚಿ ನೋಡಿದೆ. ಅದೇ ಟ್ರಾನ್ಸಿಸ್ಟರು, ಅದೇ ಕಡೆ ಸೀದಿತ್ತು. ರಟ್ಟಿನ ಮೇಲೆ 102 ಗೆರೆ. ಉದ್ದಣ್ಣ ಅಷ್ಟೇ ಸಲ ಒತ್ತಿದರು ಎಂದು ನಾನು ಹೇಳುವುದಿಲ್ಲ. ಹತ್ತಿಪ್ಪತ್ತು ಸಲಕ್ಕೆ ನಿಲ್ಲಿಸಲಿಲ್ಲ ಎಂದು ಮಾತ್ರ ಹೇಳುತ್ತೇನೆ.

ಅಷ್ಟರಲ್ಲಿ ಭಾವ ಊಟ ಮುಗಿಸಿ ಬಂದು, ಏನೋ ಸುಡ್ತಾ ಇದೆ, ಮೂಗಿಗೇನು ಬೀಗ ಹಾಕಿಕೊಂಡಿದೀಯಾ ಎಂದರು. ಹೇಳಿದೆ. ರಟ್ಟು ನೋಡಿದರು. ಸತ್ತೋನು ಸತ್ತ, ಇದ್ದೋರ ಹೊಟ್ಟೆ ಮೇಲೆ ಯಾಕೋ ಹೊಡೀತೀಯಾ ಎಂದರು. ಆರು ವರ್ಷ ನನಗೆ ಕೆಲಸ ಕಲಿಸಿದ ಮನುಷ್ಯ. ಕಾದ ಸೋಲ್ಡರ್ ಕಡ್ಡಿ ಹಿಡಿದು ತಂತಿ ಬೆಸೆಯುವುದನ್ನು ನನ್ನ ಕೈ ಹಿಡಿದು ಕಲಿಸಿದವರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಸಂಜೆ 4 ಗಂಟೆ 30 ನಿಮಿಷಕ್ಕೆ ನಾನು ಉದ್ದಣ್ಣನ ಮನೆಗೆ ಹೋಗಿ ಅವರ ಹೆಂಡತಿಗೆ ಎಲ್ಲ ಹೇಳಿದೆ. ನಾನು ಟೇಪು ಅಂಟಿಸಿದ್ದೂ ಹೇಳಿದೆ. ಹೊಡೆಯುತ್ತಾರೆ ಅಂದುಕೊಂಡಿದ್ದೆ. ಅವರು ಹೊಲಿಗೆ ಮಿಷನ್ನಿನಿಂದ ಏಳಲಿಲ್ಲ. ಹಾಗಾದ್ರೆ ಕರೆದರಾ ಎಂದು ಕೇಳಿದರು. ಕರೆದರು, ತುಂಬಾ ಸಲ ಕರೆದರು ಎಂದೆ. ಬಟನ್ ಒತ್ತಿದರೆ ಅವರಿಗೇನು ಕಾಣಿಸುತ್ತೆ ಎಂದು ಕೇಳಿದರು. ಕೆಂಪು ದೀಪ ಹತ್ತುತ್ತದೆ, ಮಾತು ಹೋಗುತ್ತಿದೆ ಎಂದು ಅರ್ಥ ಎಂದೆ. ಹೋಗದಿದ್ದರೂ ಹತ್ತುತ್ತಾ ಎಂದರು. ಹತ್ತುತ್ತದೆ ಎಂದೆ. ಅವರು ಬಟ್ಟೆಯ ಮೇಲೆ ಕೈಯಿಟ್ಟುಕೊಂಡು, ಹಾಗಾದ್ರೆ ಬರ್ತಾ ಇದಾರೆ ಅಂತಲೇ ಕಾದಿದಾರೆ ಎಂದರು. ಆಮೇಲೆ ನನ್ನನ್ನು ಹೋಗು ಎಂದರು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಭಾವ ಒಳಗೆ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದರು, ಎಲ್ಲ ಕೇಳಿಸುತ್ತಿತ್ತು. ಅಕ್ಕ, ಹೇಳೋದಾದ್ರೆ ಪೂರ್ತಿ ಹೇಳು, ಇವರದ್ದೂ ಹೇಳು, ನಿಂದೂ ಹೇಳು, ಒಬ್ಬರನ್ನ ಉಳಿಸಿ ಇನ್ನೊಬ್ಬರನ್ನ ಸಿಕ್ಕಿಸಿ ಬರೋದಾದ್ರೆ ಈ ಮೆಟ್ಟಿಲು ಹತ್ತಬೇಡ ಎಂದಳು.

ಈ ದಿನ 15ನೇ ತಾರೀಖು ಬೆಳಿಗ್ಗೆ 9 ಗಂಟೆ 30 ನಿಮಿಷಕ್ಕೆ ಠಾಣೆಗೆ ಬಂದೆ. ಗಾಡಿಯಿಂದ ಬಿಚ್ಚಿದ ಸೆಟ್ಟು, ನಾನು ಸುಟ್ಟ ಸೆಟ್ಟು, ಗೆರೆ ಎಳೆದ ರಟ್ಟು, ಇಷ್ಟನ್ನೂ ಒಪ್ಪಿಸಿದ್ದೇನೆ. ಉಳಿದ ಎರಡು ಪಿಕಪ್ಪುಗಳು ಇವತ್ತೂ ಅಂಟಿಸಿದ ಕಡ್ಡಿ ಹೊತ್ತುಕೊಂಡು ಕ್ವಾರಿಯ ಕೆಳಗೆ ಓಡಾಡುತ್ತಿವೆ. ನನ್ನನ್ನು ಏನು ಬೇಕಾದರೂ ಮಾಡಿ, ಮೊದಲು ಅವನ್ನು ನಿಲ್ಲಿಸಿ ಎಂದು ಕೇಳಿಕೊಂಡಿದ್ದೇನೆ. ಬರೆದುಕೊಂಡವರು ನಾನು ಹೇಳುತ್ತಿರುವಾಗಲೇ ಎದ್ದು ಹೋಗಿ ಕ್ವಾರಿಗೆ ಫೋನ್ ಮಾಡಿದರು.

ಇಷ್ಟನ್ನೂ ನನಗೆ ಓದಿ ಹೇಳಿದರು. ನಾನು ಹೇಳಿದ ಹಾಗೇ ಇದೆ, ಒಂದು ಕಡೆ ಬಿಟ್ಟು. ಅಲ್ಲಿ 'ರೇಡಿಯೊ ಕೆಟ್ಟಿದ್ದರಿಂದ ಕರೆ ತಲುಪಲಿಲ್ಲ' ಎಂದಿತ್ತು. ಕೆಟ್ಟಿರಲಿಲ್ಲ ಎಂದು ಹೇಳಿದೆ. ಎರಡೂ ಒಂದೇ ತಾನೇ, ನಿನಗೂ ಹಗುರ ಆಗುತ್ತೆ, ಬಿಡು ಎಂದರು. ಬಿಡಲಿಲ್ಲ. 'ರೇಡಿಯೊಗೆ ಆಂಟೆನಾ ಜೋಡಿಸದೆ, ಸರಿಯಾಗಿದೆ ಎಂದು ಸಹಿ ಹಾಕಿ ಕೊಟ್ಟಿದ್ದರಿಂದ ಕರೆ ತಲುಪಲಿಲ್ಲ' ಎಂದು, ಮೊದಲಿನದನ್ನು ಹೊಡೆದು ಹಾಕಿಸಿ, ಬರೆಸಿದ್ದೇನೆ. ತಿದ್ದಿದ ಜಾಗದಲ್ಲಿ ಒಂದು ಸಹಿ, ಕೊನೆಯಲ್ಲಿ ಒಂದು ಸಹಿ ಹಾಕಿದ್ದೇನೆ. ಎರಡೂ ನನ್ನವೇ.

ಸ್ಥಳ: ಠಾಣೆ, ಬರವಣಿಗೆ ಕೋಣೆ
ತಾರೀಖು: ಈ ತಿಂಗಳ 15, ಮಂಗಳವಾರ, ಮಧ್ಯಾಹ್ನ 1 ಗಂಟೆ 5 ನಿಮಿಷ
(ಸಹಿ)