ಕಲ್ಯಾಣದುರ್ಗದ ಖಾಲಿ ಡಿಸ್ಕು

ಲೈಟು ಸಣ್ಣಗೆ ಮಾಡ್ರಪ್ಪ, ಹೇಳ್ತೀನಿ. ನಗೋರಿದ್ರೆ ಈಗ್ಲೇ ಎದ್ದೋಗಿ. ಇದು ಹಿಂದೂಪುರದಲ್ಲಿರೋ ನಮ್ಮ ಚಿಕ್ಕಪ್ಪನ ಮಗ ಓಬುಳೇಶನಿಗೆ ಆಗಿದ್ದು, ಎರಡು ಸಾವಿರದ ಏಳನೇ ಇಸವೀಲಿ.

ಆವತ್ತು ಅವನು ಕಲ್ಯಾಣದುರ್ಗದಲ್ಲಿ ಕಡೇ ಬಸ್ಸು ತಪ್ಪಿಸ್ಕೊಂಡು, ಊರಾಚೆ ಇದ್ದ ಅತ್ತೆ ಮನೆಗೆ ನಡ್ಕೊಂಡು ಹೋಯ್ತಾ ಇದ್ದ. ದಾರೀಲಿ ಒಂದು ಹಾಳು ಬಾವಿ, ಅದರ ಮಗ್ಗುಲಲ್ಲಿ ಆಲದಮರ. ಒಂದು ನಾಯಿನೂ ಬೊಗಳ್ತಿರ್ಲಿಲ್ಲ. ಅವನಿಗೆ ಬಾವಿ ಭಯ ಇರ್ಲಿಲ್ಲ ಕಣ್ರಪ್ಪ... ಅವತ್ತು ಮಾಡಿ ಬಂದಿದ್ದ ಕೆಲಸದ ಭಯ.

ಏನಂದ್ರೆ, ಕಲ್ಯಾಣದುರ್ಗದಲ್ಲಿ ಗಂಗರಾಜು ಅನ್ನೋನ್ದು ಒಂದು ಫೋಟೋ ಸ್ಟುಡಿಯೋ. ತೆಗೆದ ಫೋಟೋ ಎಲ್ಲಾ ಒಂದೇ ಸರ್ವರ್‌ನಲ್ಲಿ. ಅದನ್ನ ಜೋಡಿಸಿಕೊಟ್ಟೋನು ಓಬುಳೇಶ. ಒಂದು ಡಿಸ್ಕಲ್ಲಿರೋದೇ ಇನ್ನೊಂದ್ರಲ್ಲೂ ಇರ್ತದೆ, ಒಂದು ಹೋದ್ರೆ ಇನ್ನೊಂದು ಕಾಪಾಡ್ತದೆ ಅಂತ ಎರಡು ಡಿಸ್ಕು ಹಾಕಿದ್ದ. ಇದಕ್ಕೆ ಎರಡು ಡಿಸ್ಕೂ ನೋಡ್ಕೊಳ್ಳೋ ರೈಡ್ ಕಾರ್ಡ್ ಅಂತ ಬೇರೆ ಬೇಕಂತಲ್ಲಪ್ಪ ಅಂತ ಗಂಗರಾಜು ಕೇಳಿದ್ರೆ, ಮದರ್‌ಬೋರ್ಡಲ್ಲೇ ಐತಲ್ಲಣ್ಣ, ದಂಡ ಯಾಕೆ ಅಂದ್ಬುಟ್ಟಿದ್ದ. ನಿಜ ಏನಂದ್ರೆ ಆ ಕಾರ್ಡನ್ನ ಅವನು ಯಾವತ್ತೂ ಕೈಯಲ್ಲೇ ಹಿಡಿದಿರ್ಲಿಲ್ಲ. ಒಳ್ಳೆ ಕಾರ್ಡಾದ್ರೆ ಡಿಸ್ಕು ಸತ್ತ ತಕ್ಷಣ ಕೀಂ... ಅಂತ ಕಿರುಚ್ಕೊಳ್ತದೆ. ಬೋರ್ಡಲ್ಲಿರೋದು ಬಾಯೇ ಬಿಡಲ್ಲ. ಒಂದು ಡಿಸ್ಕು ಯಾವಾಗ ಸತ್ತಿತೋ ಯಾರಿಗೂ ಗೊತ್ತಾಗ್ಲಿಲ್ಲ. ಗೊತ್ತಾದ ಮೇಲೆ ಹೊಸ ಡಿಸ್ಕು ಹಾಕಕ್ಕೆ ಇವನು ಬಂದ. ಪರದೆ ಮೇಲೆ ಎರಡಕ್ಕೂ ಒಂದೇ ಹೆಸರು. ಯಾವುದರಿಂದ ಯಾವುದಕ್ಕೆ ನಕಲು ಮಾಡ್ಲಿ ಅಂತ ಕೇಳ್ತು. ಬಸ್ಸಿನ ಅವಸರ, ಒತ್ಬುಟ್ಟ... ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಬರ್ಕೊಂಡ್ಬುಡ್ತು. ಎರಡೂ ಖಾಲಿ. ಕತ್ತಲಾಗೋವರೆಗೂ ಒದ್ದಾಡಿದ, ಏನೂ ವಾಪಸ್ ಬರ್ಲಿಲ್ಲ.

ಸ್ಟುಡಿಯೋ ಮೆಟ್ಟಿಲ ಮೇಲೆ ನರಸಕ್ಕ ಅನ್ನೋಳು ಕಾಯ್ತಾ ಕೂತಿದ್ಲು. ಅವಳ ಮಗಳು ಕೃಷ್ಣವೇಣಿ, ಇನ್ನೂ ಇಸ್ಕೂಲಿಗೆ ಹಾಕದ ಕೂಸು, ಅಲ್ಲಿ ಫೋಟೋ ಹೊಡೆಸಿದ ವಾರಕ್ಕೇ ಜ್ವರ ಬಂದು ತೀರ್ಕೊಂಡಿತ್ತು. ಆ ಮಗೂದು ಅದೊಂದೇ ಫೋಟೋ, ಪ್ರಿಂಟೂ ಹಾಕ್ಸಿರ್ಲಿಲ್ಲ. ಓಬುಳೇಶ ಆ ತಾಯಿ ಕಡೆ ತಿರುಗಿನೂ ನೋಡ್ದೆ, ಎರಡು ಡಿಸ್ಕೂ ಮೊದ್ಲೇ ಸತ್ತೋಗಿದ್ವು ಕಣಮ್ಮ ಅಂತ ಸುಳ್ಳು ಹೇಳಿ ಬಂದ್ಬುಟ್ಟ.

ಬಾವಿ ಹತ್ರ ಬಂದ.

ಟಿಕ್... ಟಿಕ್... ಕರ್ರ್.

ಸಾಯೋ ಡಿಸ್ಕು ಮಾಡೋ ಸದ್ದು. ಕೆಟ್ಟ ಡಿಸ್ಕು ಚೀಲದಲ್ಲೇ ಇತ್ತು, ತೆಗೆದು ಕಿವಿಗೆ ಹಿಡಿದ. ಅದರಲ್ಲಿಲ್ಲ. ಬಾವಿ ಒಳಗಿಂದ...

ತಲೆ ಎತ್ತಿದ್ರೆ, ಬಾವಿಕಟ್ಟೆ ಮೇಲೆ ಒಂದು ಮಗು ಕೂತೈತೆ. ಹಳದಿ ಲಂಗ. ಬೆನ್ನು ಇವನ ಕಡೆ.

"ಅಣ್ಣಾ... ನನ್ ಫೋಟೋ?"

ಪಿಸುಮಾತು, ಅಷ್ಟೇ. ನೋಡಿ, ಓಬುಳೇಶನ ಬಾಯಿಗೆ ಬಂದಿದ್ದು ಅದೇ ಹಾಳು ಸುಳ್ಳು.

"ಎರಡೂ... ಸತ್ತೋಗಿದ್ವು ಪಾಪಾ."

"ಇಲ್ಲ. ಒಂದ್ರಲ್ಲಿ ನಾನಿದ್ದೆ."

ಹೆಂಗೆ ಓಡಿದ್ನೋ ಅವನಿಗೇ ಗೊತ್ತಿಲ್ಲ. ಅತ್ತೆ ಮನೇಲಿ ರಾತ್ರಿಯೆಲ್ಲಾ ಕಂಬಳಿ ಹೊದ್ಕೊಂಡು ಅತ್ನಂತೆ. ದೆವ್ವಕ್ಕೆ ಹೆದರಿ ಅಲ್ಲ, ಮೆಟ್ಟಿಲ ಮೇಲೆ ಕೂತಿದ್ದ ಆ ತಾಯೀನ ನೆನೆಸ್ಕೊಂಡು. ಬೆಳಗ್ಗೆ ಎದ್ದೋನೇ ನರಸಕ್ಕನ ಮನೆ ಕೇಳ್ಕೊಂಡು ಹೋಗಿ ಕಾಲಿಗೆ ಬಿದ್ದ. ತಪ್ಪು ಒತ್ತಿದ್ದು ನಾನೇ, ಅಳಿಸಿದ್ದು ನಾನೇ ಅಂದ. ಬಾವಿ ಹತ್ರ ಆಗಿದ್ದನ್ನೂ ಹೇಳ್ದ.

ಬೈತಾಳೆ, ಶಾಪ ಹಾಕ್ತಾಳೆ ಅಂತ ತಲೆ ತಗ್ಗಿಸಿ ಕೂತಿದ್ದ. ಅವಳು ಅವನ ಭುಜ ಹಿಡ್ಕೊಂಡ್ಲು.

"ಮುಖ ನೋಡಿದ್ಯೇನಪ್ಪ? ಹೆಂಗಿತ್ತು... ಚೆಪ್ಪು ನಾಯನಾ, ಹೇಳಪ್ಪ. ನಂಗೆ ದಿನಾ ಒಂಚೂರು ಮರ್ತೋಯ್ತಾ ಐತೆ."

"ಇಲ್ಲ ಕಣಕ್ಕ... ಬೆನ್ನು ಮಾಡ್ಕೊಂಡಿತ್ತು."

ನರಸಕ್ಕ ಕೈ ಬಿಟ್ಬುಟ್ಲು. ಒಳಗೋಗಿ, ಆ ಫೋಟೋಗೆ ಅಂತ ತಂದು ಮಡಗಿದ್ದ ಗಾಜಿನ ಫ್ರೇಮನ್ನ ಖಾಲಿನೇ ಗೋಡೆಗೆ ಹಾಕಿ, ದೀಪ ಹಚ್ಚಿದ್ಲು.

ಇವತ್ತಿಗೂ ಓಬುಳೇಶ ಆ ಮನೆಗೆ ಹೋಗಿ ಬರ್ತಾನೆ, ತಲೆ ಎತ್ತಿ ಆ ಗೋಡೆ ಮಾತ್ರ ನೋಡಲ್ಲ. ನಾನು ಜೊತೇಲಿ ಹೋಗಿದ್ದೆ, ದೇವರಾಣೆ, ನೋಡಿದೀನಿ. ಗಾಜಿನ ನಡುವೆ ಒಂದು ರೂಪಾಯಿ ಅಗಲ ಉಸಿರಿನ ಹಬೆ ಕೂತೈತೆ... ಮಕ್ಕಳು ಕಿಟಕಿ ಗಾಜಿಗೆ ಮೂಗು ಒತ್ತಿದ್ರೆ ಕೂರ್ತದಲ್ಲ, ಹಂಗೆ. ಟವಲಲ್ಲಿ ಒರೆಸಿದೆ. ಹೋಗ್ಲಿಲ್ಲ.

ಅದು ಗಾಜಿನ ಒಳಗಡೆ ಐತೆ.