ಹೊಟ್ಟೆ ಇಲ್ಲದ ಗೀಸರ್

ನಗೋರು ಈಗ್ಲೇ ನಕ್ಬಿಡಿ. ಆಮೇಲೆ ನಗೋಕಾಗಲ್ಲ. ಇದು ನಮ್ಮ ದೊಡ್ಡಪ್ಪನ ಮಗ ಡೆಲ್ಫಿನ್‌ಗೆ ಆಗಿದ್ದು, ಇದೇ ನಮ್ಮ ಬಾಗಿಯೋ ಬೆಟ್ಟದೂರಲ್ಲಿ, ಹೋದ ಜನವರಿ ಚಳೀಲಿ.

ರಾತ್ರಿ ಹತ್ತು ಗಂಟೆ. ಗೀಸರ್ ರಿಪೇರಿ ಕೆಲಸ ಮುಗಿಸಿ ಆಲದಮರದ ಪಕ್ಕ ನಡ್ಕೊಂಡು ಬರ್ತಿದಾನೆ. ರಾತ್ರಿ ಒಂದಕ್ಕೆ ಮನಿಲಾ ಬಸ್ಸು. ಬೆಳಿಗ್ಗೆ ಅಲ್ಲಿ ದುಬೈ ಕೆಲಸದ ಇಂಟರ್‌ವ್ಯೂ. ಎರಡು ವರ್ಷದಿಂದ ಅದಕ್ಕೇ ಕಾದಿದ್ದ. ಮರದಾಚೆ ಗೇಟಿಂದ ಪಿಸುಮಾತು...

"ಡೆಲ್ಫಿನ್... ಒಳಗೆ ಬಾ ಮಗಾ. ಮಾನ ಹೋಗ್ತಿದೆ."

ಮನಾಂಗ್ ಲುಡಿ, ಊರಿಗೆಲ್ಲ ಅಕ್ಕ. ನಾಲ್ಕು ಮಹಡಿ ಹಾಸ್ಟೆಲ್ ಅವಳದು. ಗಂಡ ಸತ್ತು ಆರು ದಿನ. ಹಡಗಲ್ಲಿರೋ ಮಗ ಬರ್ಲಿ ಅಂತ ಹೆಣಾನ ಕೆಳಗಿನ ಹಾಲ್‌ನಲ್ಲೇ ಇಟ್ಟಿದ್ರು.

"ಬಂದೋರೆಲ್ಲ ಮೂಗು ಮುಚ್ಕೋತಾರೆ ಕಣೋ. ಯಜಮಾನ್ರೇ ನಾರ್ತಿದಾರೆ ಅಂತಾರೆ!"

ನಾರ್ತಿದ್ದದ್ದು ಮುದುಕ ಅಲ್ಲ, ಗೀಸರ್. ಹೆಣ ಇರೋ ಮನೇಲಿ ನಾವು ಸ್ನಾನ ಮಾಡಲ್ವಲ್ಲ? ಹಾಸ್ಟೆಲ್ ಹುಡುಗರು ಪಕ್ಕದ ಬೀದೀಲಿ ಮಿಂದು ಬರ್ತಿದ್ರು, ಗೀಸರ್ ಆರು ದಿನದಿಂದ ಆಫ್.

ನಾನು ಇಂಜಿನಿಯರಿಂಗ್ ಎರಡೇ ಸೆಮಿಸ್ಟರ್ ಓದಿದ್ದು, ಆದ್ರೂ ಇಷ್ಟು ಗೊತ್ತು. ಸೋಲಾರ್ ಗೀಸರ್ ನಮ್ಮೂರ ಮಂಜಲ್ಲಿ ತಾರಸಿಗೆ ಅಲಂಕಾರ. ಟ್ಯಾಂಕ್ ಗೀಸರ್ ನೀರನ್ನ ಹೊಟ್ಟೇಲಿಟ್ಕೊಂಡು ಕಾಯ್ಸುತ್ತೆ, ಆಫ್ ಮಾಡಿ ಮರೆತ್ರೆ ನೀರು ಒಳಗೇ ಕೊಳೆಯುತ್ತೆ. ಇನ್‌ಸ್ಟಂಟ್‌ಗೆ ಹೊಟ್ಟೇನೇ ಇಲ್ಲ. ನೀರು ಹರೀತಾ ಹರೀತಾ ಬಿಸಿಯಾಗುತ್ತೆ.

ಎರಡನೇ ಮಹಡೀಲಿದ್ದದ್ದು ಟ್ಯಾಂಕಿಂದು. ಡೆಲ್ಫಿನ್ ಕೆಳಗಿನ ನಟ್ಟು ತಿರುಗಿಸಿದ. ಕಿರ್ರ್... ಗುಳುಗುಳು... ಪಚಕ್! ಕಪ್ಪು ಲೋಳೆ, ಕೊಳೆತ ಮೊಟ್ಟೆ ನಾತ, ತಲೆಯಿಂದ ಎದೆವರೆಗೂ. ಬಾಯೊಳಗೂ ಹೋಯ್ತು. ಥೂ!

ಹೀಗೇ ಇಂಟರ್‌ವ್ಯೂಗೆ ಹೋದ್ರೆ ಒಳಗೆ ಬಿಡ್ತಾರಾ? ಆಗ್ಲೇ ಹನ್ನೆರಡು ದಾಟಿತ್ತು, ಮನೆಗೆ ಹೋಗಿ ಬಂದ್ರೆ ಬಸ್ಸು ತಪ್ಪುತ್ತೆ, ನೆರೆಮನೆಗಳೆಲ್ಲ ಮಲಗಿದ್ವು.

"ಇಲ್ಲೇ ಎರಡು ಚೊಂಬು ಹುಯ್ಕೋತೀನಿ ಮನಾಂಗ್."

"ಬೇಡ ಕಣೋ... ಅವರಿನ್ನೂ ಮನೇಲೇ ಇದಾರೆ."

"ನಾನೇನು ಅವರ ಸೋಪು ತಗೋತೀನಾ?"

ಮೂರನೇ ಮಹಡಿಗೆ ಹೋದ. ಅಲ್ಲಿದ್ದದ್ದು ಇನ್‌ಸ್ಟಂಟ್, ಹೋದ ವಾರ ಅವನೇ ಹಾಕಿದ್ದು. ಹೊಸದು. ಸ್ವಿಚ್ಚು ಟಿಕ್. ನಲ್ಲಿ ತಿರುಗಿಸಿದ. ಸುಯ್ಯ್...

ಬಂದ ನೀರು ಉಗುರುಬೆಚ್ಚಗೆ. ದಪ್ಪ. ಎಂಜಲಿನ ಥರ ಅಂಟು. ಅದೇ ಕೊಳೆತ ನಾತ, ಜೊತೆಗೆ ಮುದುಕ ತಲೆಗೆ ಹಚ್ತಿದ್ದ ಎಣ್ಣೆ ವಾಸನೆ. ಎದೆ ಉಜ್ಕೊಂಡ್ರೆ ಬೆರಳಿಗೆ ಬಿಳಿ ಕೂದಲು... ಎಳೆದಷ್ಟೂ ಬಂತು. ತುಟಿ ಮೇಲೊಂದು. ನಾಲಿಗೆ ಮೇಲೊಂದು.

ಹೊಟ್ಟೇನೇ ಇಲ್ಲದ ಗೀಸರ್‌ನಲ್ಲಿ ಹಳೇ ನೀರು ಎಲ್ಲಿತ್ತು?

ನಲ್ಲಿ ನಿಲ್ಲಿಸಿದ. ಟಪ್... ಟಪ್... ಬಾಗಿಲಾಚೆ ಒದ್ದೆ ಕಾಲಿನ ಸಪ್ಪಳ, ಪಚ್... ಪಚ್... ನಿಂತಿತು.

"ಎಲ್ಲಾ ಖಾಲಿ ಮಾಡ್ಬೇಡ್ವೋ... ನನಗೂ ಸ್ವಲ್ಪ ಬಿಡು."

ಡೆಲ್ಫಿನ್ ಬಾಗಿಲು ಒದ್ದು ಓಡಿದ. ಪ್ಯಾಂಟು ಹಾಕ್ಕೊಂಡಿದ್ದು ಬೀದಿಗೆ ಬಂದ್ಮೇಲೆ. ಬಸ್ಸೂ ಹತ್ತಿದ. ಊರು ದಾಟೋ ಮೊದ್ಲೇ ಜನ ಗಲಾಟೆ ಎಬ್ಬಿಸಿದ್ರು. "ಯಾವ ಹೆಣ ಹೊತ್ಕೊಂಡು ಬಂದಿದೀಯೋ?" ಅಂತ ಬೈದು ಕಂಡಕ್ಟರ್ ಇಳಿಸ್ಬಿಟ್ಟ. ದುಬೈ ಅಲ್ಲಿಗೇ ಮುಗೀತು. ಬೆಳಗಿನ ಜಾವ ನಮ್ಮನೆ ಬಾಗಿಲಲ್ಲಿ ಕೂತು ವಾಂತಿ ಮಾಡ್ತಿದ್ದ.

ನಾನು ನಂಬ್ಲಿಲ್ಲ. ನೀರಿನ ಟ್ಯಾಂಕ್ ತೊಳೆಸಿಲ್ಲ ಅಂತ ಜಗಳ ಆಡೋಕೆ ಅವನನ್ನ ಎಳ್ಕೊಂಡು ಮನಾಂಗ್ ಮನೆಗೇ ಹೋದೆ. ಅವಳು ಹೆಣದ ಪೆಟ್ಟಿಗೆ ಮೇಲಿನ ಗಾಜು ಒರೆಸ್ತಾನೇ ಇದ್ಲು. ಹಬೆ ಹೋಗ್ತಿರ್ಲಿಲ್ಲ. ಅದು ಒಳಗಡೆ ಕಟ್ಟಿತ್ತು.

ನನ್ನಾಣೆ ಕಣ್ರೋ, ಗಾಜು ಮುಟ್ಟಿದೀನಿ. ಬೆಚ್ಚಗಿತ್ತು.