ಅರ್ಧ ಸ್ವರ ಕೆಳಗೆ

೨೦೧೯ರ ಮಾರ್ಚ್ ೧೪, ಬೆಳಿಗ್ಗೆ ೧೧.೨೦. ಗಾಯನ ಪರೀಕ್ಷೆಯ ಕೊಠಡಿಯ ಹೊರಗೆ, ಗುಮಾಸ್ತೆಯ ಮೇಜಿನ ಎದುರಿಗೇ ಇಬ್ಬರು ಕುಳಿತಿದ್ದರು: ಒಂದು ಕಾಲಕ್ಕೆ ತಾರಸ್ಥಾಯಿಗೆ ಹೆಸರಾಗಿದ್ದ, ಈಗ ಸಂಗೀತದ ಟೀಚರಾಗಿರುವ ಗಾಯಕಿ, ಜೊತೆಗೆ ಅವರ ಪಿಯಾನೊ ಶ್ರುತಿ ಮಾಡುವವನು.

"ಇವಳೂ ಫೇಲ್. ನನ್ನ ಶಿಷ್ಯೆಯರಲ್ಲಿ ಮೂರನೆಯವಳು. ಅರ್ಧ ಸ್ವರ ಕೆಳಗೆ ಹಾಡಿದಳಂತೆ. ನನ್ನ ಕಿವಿಗೆ ಸರಿಯಾಗೇ ಇತ್ತಲ್ಲಪ್ಪ!"

"ಬೈಬೇಡಿ ಟೀಚರಮ್ಮ. ಮನೆ ಪಿಯಾನೊ ಶ್ರುತಿ ಏರಿದೆ, ಇಳಿಸು ಅಂತ ವರ್ಷವರ್ಷಾನೂ ಹೇಳಿದ್ರಿ. ಇಳಿಸ್ತಾ ಬಂದೆ. ಹುಡುಗೀರು ಅದರ ಜೊತೆಗೇ ಹಾಡಿ ಕಲಿತ್ರು."

"ಏರಿತ್ತಲ್ಲ, ಅದಕ್ಕೇ ಹೇಳಿದೆ."

"ಏರಿರಲಿಲ್ಲ. ವಯಸ್ಸಾದ್ರೆ ಕೆಲವರ ಕಿವಿಗೆ ಸ್ವರ ಎತ್ತರವಾಗಿ ಕೇಳುತ್ತಂತೆ."

"ಆಗಲೇ ಬಾಯಿ ಬಿಡೋಕೆ ಏನು ದಾಡಿಯಾಗಿತ್ತು?"

"ನಿಮ್ಮ ಕಿವಿ ಮುಂದೆ ನನ್ನ ಶ್ರುತಿ ಅಳೆಯೋ ಯಂತ್ರ ಯಾವ ಲೆಕ್ಕ ಅಂದ್ಕೊಂಡೆ."

ಫೇಲಾದ ಹುಡುಗಿ ಮುಖ ತೊಳೆದುಕೊಂಡು ಬಂದಳು. "ಟೀಚರ್, ನಾನೇನು ತಪ್ಪು ಮಾಡಿದೆ?"

ಟೀಚರು ಎದ್ದು ಸೆರಗು ಸರಿಮಾಡಿಕೊಂಡರು. "ನಿನ್ನ ಸಾಧನೆ ಸಾಲದು, ಮಗಳೇ."

ಮೂವರೂ ಮೆಟ್ಟಿಲಿಳಿದರು. ಬೆಂಚಿನ ಮೇಲೆ ಉಳಿದಿದ್ದ, ಶ್ರುತಿ ಮಾಡುವವನ ಚೀಟಿಯನ್ನು ಗುಮಾಸ್ತೆ ಓದಿದಳು: ಟೀಚರ ಪಿಯಾನೊ ಶ್ರುತಿ, ಇರಬೇಕಾದ್ದು ೪೪೦ ಹರ್ಟ್ಸ್, ಇರುವುದು ೪೧೫, ಅರ್ಧ ಸ್ವರ ಕೆಳಗೆ.